ಕಮಾನಿನ ಕೆಳಗಿನ ಕತ್ತಲಿಂದ ಶುರುಮಾಡಿ

(ಪುಣೆಯ ಕನ್ನಡ ಚಿತ್ರಾಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಸೇತುವೆಯ ‘ಎಕ್ಸ್‌ಪ್ರೆಸಿವ್’, ಅಂದರೆ ಭಾವಪೂರ್ಣ, ಚಿತ್ರವನ್ನು ಅಕ್ರಿಲಿಕ್ ಬಣ್ಣದಲ್ಲಿ ಬರೆಯುವುದು ಹೇಗೆ ಅನ್ನುವುದರ ಬಗ್ಗೆ.

ಪುಣೆಯಲ್ಲಿ ಇರುವವರು ಸೇತುವೆ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗಿಲ್ಲ. ಮುಳಾ, ಮುಠಾ ಎರಡೂ ಊರೊಳಗೇ ಹರಿದು ಸಂಗಮದಲ್ಲಿ ಕೂಡುತ್ತವೆ. ಹೆಸರಿನಲ್ಲಿ ಮಾತ್ರ ಕಟ್ಟಿಗೆ ಉಳಿದಿರುವ ಲಕಡಿ ಪೂಲ್ ಇದೆ. ಖಡಕವಾಸಲಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಮುಳುಗುವ ಭಿಡೆ ಪೂಲ್ ಇದೆ. ಬಂಡ್ ಗಾರ್ಡನ್ ಹತ್ತಿರ 1867ರ ಕಲ್ಲಿನ ಕಮಾನುಗಳ ಫಿಟ್ಜ್‌ಜೆರಾಲ್ಡ್ ಸೇತುವೆ ಇದೆ. ಅದರ ತುದಿಗಳಲ್ಲಿ ಸಿಂಹದ ಶಿಲ್ಪಗಳು ಕೂತಿವೆ. ಇವತ್ತಿನ ಮಾತಿಗೆ ಈ ಕೊನೆಯದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಕಮಾನು, ಕಲ್ಲು, ಕೆಸರು ನೀರು, ಮರ ಎಲ್ಲ ಒಂದೇ ಕಡೆ ಸಿಗುತ್ತವೆ. ವಾಹನಗಳ ಓಡಾಟ ಪಕ್ಕದ ಹೊಸ ಸೇತುವೆಗಳ ಮೇಲಾದ್ದರಿಂದ ನೆಮ್ಮದಿಯಾಗಿ ನೋಡಲೂಬಹುದು.

ಮೊದಲು ‘ಎಕ್ಸ್‌ಪ್ರೆಸಿವ್’ ಅನ್ನುವ ಮಾತನ್ನು ಸ್ವಲ್ಪ ತೊಳೆದಿಡೋಣ. ದಪ್ಪ ಬ್ರಷ್ಷು, ಎರಚಿದ ಬಣ್ಣ, ಸೋರಿದ ಗೆರೆ ಇದ್ದರೆ ಚಿತ್ರ ಭಾವಪೂರ್ಣವಾಯಿತು ಅಂತ ತಿಳಿದವರು ಬಹಳ. ಎರಚುವುದು ಸುಲಭ. ಕಷ್ಟ ಇರುವುದು ಯಾವುದನ್ನು ಹಿಗ್ಗಿಸಬೇಕು, ಯಾವುದನ್ನು ಸುಮ್ಮನಿರಿಸಬೇಕು ಅನ್ನುವುದರಲ್ಲಿ. ಜಪಾನಿನ ಚಿತ್ರಕಾರ ಹಿರೋಶಿಗೆ 1857ರಲ್ಲಿ ಮಾಡಿದ ಮರದಚ್ಚಿನ ಚಿತ್ರವೊಂದರಲ್ಲಿ ಶಿನ್-ಓಹಾಶಿ ಸೇತುವೆಯ ಮೇಲೆ ದಿಢೀರ್ ಮಳೆ ಸುರಿಯುತ್ತಿದೆ. ಅಲ್ಲಿ ಹಿಗ್ಗಿಸಿದ್ದು ಮಳೆಯ ಗೆರೆಯೊಂದನ್ನೇ. ಅದೂ ಒಂದಕ್ಕೊಂದು ತುಸು ಓರೆಯಾದ ಎರಡು ದಿಕ್ಕಿನಲ್ಲಿ. ಸೇತುವೆ, ನದಿ, ದೂರದ ದಡ ಎಲ್ಲ ಸಪಾಟು ಬಣ್ಣ. ವ್ಯಾನ್ ಗೋ ಇದನ್ನೇ 1887ರಲ್ಲಿ ಎಣ್ಣೆಬಣ್ಣದಲ್ಲಿ ನಕಲು ಮಾಡಿ ಕಲಿತ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1844ರಲ್ಲಿ ಥೇಮ್ಸ್ ಮೇಲಿನ ಮೇಡನ್‌ಹೆಡ್ ರೈಲು ಸೇತುವೆ ಬರೆದಾಗ ಮಳೆ, ಹಬೆ, ಆಕಾಶ ಎಲ್ಲವನ್ನೂ ಕಲಸಿಬಿಟ್ಟ. ಸೇತುವೆಯ ಕಪ್ಪು ಓರೆಯನ್ನೂ ಎಂಜಿನ್ನಿನ ಚಿಮಣಿಯನ್ನೂ ಮಾತ್ರ ಗಟ್ಟಿಯಾಗಿ ಉಳಿಸಿಕೊಂಡ. ವಿಸ್ಲರ್ ಲಂಡನ್ನಿನ ಹಳೆಯ ಬ್ಯಾಟರ್ಸೀ ಸೇತುವೆಯನ್ನು ಇದ್ದದ್ದಕ್ಕಿಂತ ಎತ್ತರ ಮಾಡಿ ಬರೆದ. ಮೂವರೂ ಹಿಗ್ಗಿಸಿದ್ದು ಒಂದೊಂದನ್ನೇ. ನಮ್ಮವರಲ್ಲಿ ನೋಡಬೇಕೆಂದರೆ, ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ತೆಗೆದು ನೋಡಿ. ನಾಲ್ಕು ಗೆರೆಯಲ್ಲಿ ಕುಣಿತ ನಿಲ್ಲುತ್ತದೆ. ಮುಖಕ್ಕೆ ಕಣ್ಣು ಮೂಗು ಇಲ್ಲದಿದ್ದರೂ ಕೊರತೆ ಅನಿಸುವುದಿಲ್ಲ.

ಸೇತುವೆಯ ಚಿತ್ರದಲ್ಲಿ ಹಿಗ್ಗಿಸಬೇಕಾದ್ದು ಯಾವುದು? ನಮ್ಮ ಮಟ್ಟಿಗೆ ಉತ್ತರ ಸ್ಪಷ್ಟ: ಕಮಾನಿನ ಕೆಳಗಿನ ಕತ್ತಲು ಮತ್ತು ಅದು ನೀರಿಗೆ ಇಳಿಯುವ ರೀತಿ. ಕಲ್ಲನ್ನು ಒಂದೊಂದಾಗಿ ಬರೆದವರ ಸೇತುವೆ ಗೋಡೆಯ ಹಾಗೆ ಕಾಣುತ್ತದೆ. ಕಮಾನಿನ ಖಾಲಿ ಜಾಗವನ್ನು ಸರಿಯಾಗಿ ಹಿಡಿದವರು ಕಲ್ಲನ್ನು ಹೆಚ್ಚುಕಡಿಮೆ ಬರೆಯಬೇಕಾಗಿಯೇ ಇಲ್ಲ.

ನಿಲ್ಲುವ ಜಾಗ ಮುಖ್ಯ. ಸೇತುವೆಗೆ ನೇರ ಎದುರು ನಿಂತರೆ ಅದು ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೇಲಿಯ ಹಾಗೆ ಅಡ್ಡ ಬೀಳುತ್ತದೆ. ಮೇಲೊಂದು ಚಿತ್ರ, ಕೆಳಗೊಂದು ಚಿತ್ರ. ದಡದ ಉದ್ದಕ್ಕೆ ನಡೆದು ಓರೆಯಾಗಿ ನಿಲ್ಲಿ. ಹತ್ತಿರದ ಕಮಾನು ದೊಡ್ಡದಾಗಿ, ಮುಂದಿನವು ಕಿರಿದಾಗುತ್ತ ಹೋಗಬೇಕು. ಒಂದು ತುದಿಯನ್ನು ಮರದ ಹಿಂದೆ ಅಥವಾ ಮಂಜಿನಲ್ಲಿ ಕರಗಿಸಿ. ಸೇತುವೆಯ ರಸ್ತೆಯ ಗೆರೆ ಕ್ಯಾನ್ವಾಸಿನ ನಟ್ಟನಡುವೆ ಬರಬಾರದು. ಮೇಲಿನಿಂದ ಮೂರನೇ ಒಂದು ಪಾಲಿಗೆ ತನ್ನಿ, ನೀರಿಗೆ ಜಾಗ ಸಿಗುತ್ತದೆ.

ಈಗ ಯಥಾದರ್ಶನ, ಅಂದರೆ ಪರ್ಸ್ಪೆಕ್ಟಿವ್: ದೂರ ಹೋದಂತೆ ವಸ್ತು ಕಿರಿದಾಗಿ ಕಾಣುವ ಲೆಕ್ಕ. ಇದರಲ್ಲಿ ಆಗುವ ತಪ್ಪು ಪ್ರತಿ ಸಲವೂ ಒಂದೇ. ದಡದಲ್ಲಿ ನಿಂತಾಗ ನಿಮ್ಮ ಕಣ್ಣು ನೀರಿಗಿಂತ ಮೇಲಿದೆ, ಸೇತುವೆಯ ರಸ್ತೆಗಿಂತ ಕೆಳಗಿದೆ. ಆದ್ದರಿಂದ ದೂರ ಹೋದಂತೆ ರಸ್ತೆಯ ಗೆರೆ ಕೆಳಗಿಳಿಯಬೇಕು, ಕಂಬಗಳು ನೀರು ಮುಟ್ಟುವ ಗೆರೆ ಮೇಲೇರಬೇಕು. ಈ ಎರಡು ಗೆರೆಗಳೂ ಕಣ್ಣಿನ ಮಟ್ಟದ ಗೆರೆಯಲ್ಲಿ ಕೂಡುತ್ತವೆ. ಎರಡನ್ನೂ ಒಂದೇ ಕಡೆಗೆ ವಾಲಿಸಿದರೆ ಸೇತುವೆ ಇಳಿಜಾರಿನಲ್ಲಿ ಜಾರಿದಂತೆ ಕಾಣುತ್ತದೆ. ಆಮೇಲೆ ಎಂಥ ಬಣ್ಣ ಹಾಕಿದರೂ ರಿಪೇರಿ ಆಗುವುದಿಲ್ಲ.

ಕಂಬಗಳ ಅಂತರ ಅಂದಾಜಿನ ಮೇಲೆ ಹಾಕಬೇಡಿ. ಮೊದಲ ಎರಡು ಕಂಬ ಬರೆದುಕೊಳ್ಳಿ. ಮೊದಲ ಕಂಬದ ತುದಿಯಿಂದ ಎರಡನೆಯ ಕಂಬದ ನಡುಮಧ್ಯದ ಮೂಲಕ ಒಂದು ಓರೆ ಗೆರೆ ಎಳೆಯಿರಿ. ಅದು ನೀರಿನ ಗೆರೆಯನ್ನು ಮುಟ್ಟುವ ಕಡೆಯೇ ಮೂರನೆಯ ಕಂಬ. ಹೀಗೇ ಮುಂದಕ್ಕೆ. ಕಮಾನಿಗೂ ಇಂಥದೇ ಉಪಾಯ. ಎರಡು ಕಂಬದ ನಡುವೆ, ಕಮಾನು ಶುರುವಾಗುವ ಮಟ್ಟದಿಂದ ಅದರ ನೆತ್ತಿಯವರೆಗೆ ಒಂದು ಚೌಕಟ್ಟು ಹಾಕಿ. ಅದರ ತಳಗೆರೆಯ ನಡುಬಿಂದುವಿನಿಂದ ಮೇಲಿನ ಎರಡು ಮೂಲೆಗಳಿಗೆ ಓರೆ ಗೆರೆ ಎಳೆಯಿರಿ. ಅರ್ಧವೃತ್ತದ ಕಮಾನಾದರೆ ಬಾಗು ಈ ಓರೆಗಳನ್ನು ಸುಮಾರು ಹತ್ತರಲ್ಲಿ ಏಳು ಪಾಲಿನ ದೂರದಲ್ಲಿ ದಾಟುತ್ತದೆ. ಒಂದು ನೆನಪಿರಲಿ: ಓರೆಯಾಗಿ ನೋಡುವಾಗ ತಳಗೆರೆಯ ನಡುಬಿಂದುವನ್ನು ಅಳತೆಪಟ್ಟಿಯಿಂದ ಹುಡುಕಬಾರದು. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅವು ಕೂಡಿದ ಕಡೆಯಿಂದ ನೇರ ಕೆಳಗಿಳಿಸಬೇಕು.

ಕಮಾನಿಗೆ ದಪ್ಪವಿದೆ ಅನ್ನುವುದನ್ನು ಮರೆಯುವವರೂ ಬಹಳ. ಸೇತುವೆ ನಿಮ್ಮಿಂದ ಬಲಕ್ಕೆ ದೂರವಾಗುತ್ತಿದ್ದರೆ ಪ್ರತಿ ಕಮಾನಿನಲ್ಲೂ ಆಚೆಯ, ಅಂದರೆ ಬಲಗಡೆಯ ಕಂಬದ ಒಳಮೈ ಕಾಣುತ್ತದೆ. ಈಚೆಯ ಕಂಬದ ಒಳಮೈ ಮರೆಯಾಗಿರುತ್ತದೆ. ದೂರದ ಕಮಾನುಗಳಲ್ಲಿ ಈ ಒಳಮೈ ತೂತನ್ನೇ ನುಂಗುತ್ತ ಹೋಗಿ ಕೊನೆಗೆ ಒಂದು ಸೀಳು ಬೆಳಕು ಮಾತ್ರ ಉಳಿಯುತ್ತದೆ. ಆ ಸೀಳನ್ನು ಹಿಡಿದರೆ ಸೇತುವೆಯ ಉದ್ದ ತಾನಾಗಿ ಬರುತ್ತದೆ.

ಇನ್ನು ನೀರು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಪ್ರತಿಬಿಂಬ ಅಂದರೆ ಮೇಲಿನ ಚಿತ್ರವನ್ನು ತಲೆಕೆಳಗು ಮಾಡಿ ಅಂಟಿಸುವುದು ಅಂತ ಶಾಲೆಯಲ್ಲಿ ಕಲಿತದ್ದನ್ನು ಮರೆತುಬಿಡಿ. ನೀವು ನೀರಿಗಿಂತ 5 ಮೀಟರ್ ಮೇಲೆ ನಿಂತಿದ್ದರೆ, ಪ್ರತಿಬಿಂಬದಲ್ಲಿ ಕಾಣುವುದು ನೀರಿಗಿಂತ 5 ಮೀಟರ್ ಕೆಳಗಿನಿಂದ ಕತ್ತೆತ್ತಿ ನೋಡಿದ ಸೇತುವೆ. ಹಾಗಾಗಿ ಕಮಾನಿನ ಹೊಟ್ಟೆಯ ಭಾಗ ನೇರ ನೋಟದಲ್ಲಿ ಕಾಣುವುದಕ್ಕಿಂತ ಪ್ರತಿಬಿಂಬದಲ್ಲಿ ಹೆಚ್ಚು ಕಾಣುತ್ತದೆ. ದಡದಿಂದ ಹಿಂದೆ ಸರಿದು ನಿಂತ ಮರದ ಬುಡ ಪ್ರತಿಬಿಂಬಕ್ಕೆ ಬರುವುದಿಲ್ಲ, ನೆತ್ತಿ ಮಾತ್ರ ಬರುತ್ತದೆ. ಒಂದು ಮಾತ್ರ ಎಂದೂ ಬದಲಾಗುವುದಿಲ್ಲ: ಯಾವ ಬಿಂದುವಿನ ಪ್ರತಿಬಿಂಬವೂ ಅದರ ನೇರ ಕೆಳಗೇ ಬೀಳುತ್ತದೆ, ಓರೆಯಾಗಿ ಅಲ್ಲ.

ನೆರಳು ಬೇರೆ, ಪ್ರತಿಬಿಂಬ ಬೇರೆ. ನೆರಳು ಸೂರ್ಯನ ಮಾತು ಕೇಳುತ್ತದೆ, ಪ್ರತಿಬಿಂಬ ನಿಮ್ಮ ಕಣ್ಣಿನ ಮಾತು ಕೇಳುತ್ತದೆ. ತಿಳಿ ನೀರಿನ ಮೈಮೇಲೆ ನೆರಳು ಸರಿಯಾಗಿ ನಿಲ್ಲುವುದೇ ಇಲ್ಲ. ಜುಲೈ ತಿಂಗಳ ಕೆಸರು ನೀರಿನ ಮೇಲೆ ನಿಲ್ಲುತ್ತದೆ, ಯಾಕೆಂದರೆ ನೀರಲ್ಲಿ ತೇಲುವ ಮಣ್ಣಿನ ಕಣಗಳು ಪರದೆಯ ಕೆಲಸ ಮಾಡುತ್ತವೆ. ಮಳೆಗಾಲದಲ್ಲಿ ಬಿಸಿಲು ಬಿದ್ದ ಹೊತ್ತಿನಲ್ಲಿ ಸೇತುವೆಯ ಕೆಳಗೆ ಎರಡು ಗಾಢ ಆಕಾರಗಳು ಎರಡು ದಿಕ್ಕಿಗೆ ಹೋಗಿರುವುದು ಇದೇ ಕಾರಣಕ್ಕೆ. ಎರಡನ್ನೂ ಕಲಸಿ ಒಂದು ಮಾಡಿದರೆ ಕೆಳಭಾಗ ಕಲೆ ಬಿದ್ದ ಬಟ್ಟೆಯಾಗುತ್ತದೆ. ಒಂದನ್ನು ಆರಿಸಿಕೊಳ್ಳಿ. ನಮ್ಮ ಓಟು ಪ್ರತಿಬಿಂಬಕ್ಕೆ.

ನೀರಿನ ಬಣ್ಣ ಯಾವುದು ಅಂತ ಕೇಳುವುದಕ್ಕಿಂತ ಯಾವ ದೂರದ ನೀರು ಅಂತ ಕೇಳಬೇಕು. ನೇರ ಕೆಳಗೆ ಬಗ್ಗಿ ನೋಡಿದರೆ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಉಳಿದದ್ದು ಒಳಗಿಳಿಯುತ್ತದೆ. ನೋಟ ಓರೆಯಾದಷ್ಟೂ ಈ ಪಾಲು ಏರುತ್ತದೆ, ನೀರಿನ ಮೈಗೆ ತಾಗಿಕೊಂಡೇ ನೋಡಿದರೆ ಹೆಚ್ಚುಕಡಿಮೆ ಕನ್ನಡಿ. ಹಾಗಾಗಿ ಕಾಲ ಹತ್ತಿರದ ನೀರು ಮಣ್ಣಿನ ಬಣ್ಣ, ಸೇತುವೆಯ ಆಚೆಯ ನೀರು ಆಕಾಶದ ಬಣ್ಣ. ಒಂದೇ ನದಿಗೆ ಮೇಲಿಂದ ಕೆಳಕ್ಕೆ ಒಂದೇ ನೀಲಿ ಬಳಿದರೆ ನೀರು ಮಲಗುವುದಿಲ್ಲ, ಪರದೆಯ ಹಾಗೆ ಎದ್ದು ನಿಲ್ಲುತ್ತದೆ. ಅಲೆಗಳೂ ಅಷ್ಟೇ. ಹತ್ತಿರ ಅಗಲ ಮತ್ತು ವಿರಳ, ದೂರ ಹೋದಂತೆ ಕಿರಿದು ಮತ್ತು ಒತ್ತೊತ್ತು.

ಟೋನ್‌ನಲ್ಲಿ, ಅಂದರೆ ಕಪ್ಪು-ಬಿಳುಪಿನ ಮಟ್ಟದಲ್ಲಿ, ಒಂದು ಸಣ್ಣ ಲೆಕ್ಕ ಇಟ್ಟುಕೊಳ್ಳಿ. ಗಾಢವಾದದ್ದು ನೀರಿನಲ್ಲಿ ಒಂದು ಮೆಟ್ಟಿಲು ತಿಳಿಯಾಗುತ್ತದೆ, ತಿಳಿಯಾದದ್ದು ಒಂದು ಮೆಟ್ಟಿಲು ಗಾಢವಾಗುತ್ತದೆ. ಕಮಾನಿನ ಕತ್ತಲಿಗೆ ಕೆಸರಿನ ಬೆಳಕು ಸೇರಿಕೊಳ್ಳುತ್ತದೆ. ಆಕಾಶದ ಬೆಳಕಿನಲ್ಲಿ ಒಂದು ಪಾಲನ್ನು ನೀರು ನುಂಗುತ್ತದೆ. ಪ್ರತಿಬಿಂಬದಲ್ಲಿ ಅಂತರ ಕುಗ್ಗಬೇಕು ಅನ್ನುವುದೇ ಇದರ ಸಾರ.

ಹರಿವೂ ಮುಖ್ಯ. ಕಂಬದ ಮೇಲುಹೊಳೆಯ ಬದಿಯಲ್ಲಿ ನೀರು ಒತ್ತರಿಸಿ ತುಸು ಉಬ್ಬುತ್ತದೆ. ಕಮಾನಿನೊಳಗೆ ಇಕ್ಕಟ್ಟಿನಿಂದ ವೇಗ ಹೆಚ್ಚುತ್ತದೆ. ಕೆಳಹೊಳೆಯ ಬದಿಯಲ್ಲಿ ಕಂಬದ ಹಿಂದೆ ಬಾಲದ ಹಾಗೆ ಸುಳಿ ಬಿಚ್ಚಿಕೊಳ್ಳುತ್ತದೆ. ಯಾವ ಬದಿ ನಿಮ್ಮ ಕಡೆಗಿದೆ ಅಂತ ಮೊದಲೇ ನೋಡಿಕೊಂಡು ಬ್ರಷ್ಷಿನ ದಿಕ್ಕನ್ನು ಅದಕ್ಕೆ ತಕ್ಕಂತೆ ತಿರುಗಿಸಿ. ಚಿತ್ರದ ಭಾವ ಇರುವುದು ಬಹುಪಾಲು ಈ ದಿಕ್ಕಿನಲ್ಲೇ.

ಸಾಮಾನಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ಅಪ್ಪಾ ಬಳವಂತ ಚೌಕದ ಕಡೆ ಹೋದರೆ ಎಲ್ಲ ಸಿಗುತ್ತದೆ. 18×24 ಇಂಚಿನ ಕ್ಯಾನ್ವಾಸ್ ಅಥವಾ ಅದೇ ಅಳತೆಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ. ಪ್ಯಾಲೆಟ್ ನೈಫ್ (ಬಣ್ಣ ಸವರುವ ಚಪ್ಪಟೆ ಚಾಕು) ಹೆಚ್ಚು ಬಳಸುವವರಿಗೆ ಹಲಗೆಯೇ ಮೇಲು. ಚೌಕಟ್ಟಿಗೆ ಬಿಗಿದ ಬಟ್ಟೆ ನೈಫಿನ ಒತ್ತಿಗೆ ಕುಣಿಯುತ್ತದೆ. ಅದೇ ಇದ್ದರೆ ಹಿಂದೆ ಒಂದು ದಪ್ಪ ರಟ್ಟು ಸೇರಿಸಿ. ಹಲಗೆಗೆ ಜೆಸೊ (ಬಣ್ಣ ಹಿಡಿಯಲು ಮೊದಲು ಬಳಿಯುವ ಬಿಳಿ ಅಸ್ತರ) ಎರಡು ಕೋಟು, ಮೊದಲನೆಯದು ಅಡ್ಡ, ಒಣಗಿದ ಮೇಲೆ ಎರಡನೆಯದು ಉದ್ದ. ಅಕ್ರಿಲಿಕ್ ಬಣ್ಣ ಏಳೇ ಸಾಕು: ಟೈಟಾನಿಯಂ ವೈಟ್, ಅಲ್ಟ್ರಾಮರೀನ್, ಥ್ಯಾಲೊ ಬ್ಲೂ, ಬರ್ಂಟ್ ಸಿಯೆನ್ನಾ, ಯೆಲ್ಲೊ ಓಕರ್, ಲೆಮನ್ ಯೆಲ್ಲೊ, ಕ್ರಿಮ್ಸನ್. ಕಪ್ಪು ಟ್ಯೂಬ್ ಮನೆಯಲ್ಲೇ ಇರಲಿ. ಬ್ರಷ್ಷು: ಒಂದೂವರೆ ಇಂಚಿನದು ಒಂದು, 8ನೇ ನಂಬರಿನ ಫ್ಲಾಟ್ ಒಂದು, ಉದ್ದ ಕೂದಲಿನ ರಿಗ್ಗರ್ ಒಂದು. ಜೊತೆಗೆ ವಜ್ರದಾಕಾರದ ಒಂದು ಪ್ಯಾಲೆಟ್ ನೈಫ್.

ಪುಣೆಯ ಏಪ್ರಿಲ್-ಮೇ ಒಣಗಾಳಿಯಲ್ಲಿ ತೆಳು ಅಕ್ರಿಲಿಕ್ ಐದು ಹತ್ತು ನಿಮಿಷಕ್ಕೆ ಒಣಗಿಬಿಡುತ್ತದೆ. ಅಗಲ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಬಟರ್ ಪೇಪರ್ ಇಟ್ಟು, ಬಣ್ಣವನ್ನು ಆ ಕಾಗದದ ಮೇಲೆ ಹಿಂಡಿಕೊಳ್ಳಿ. ಗಂಟೆಗಟ್ಟಲೆ ಹಸಿ ಇರುತ್ತದೆ. ಒಣಗುತ್ತದೆ ಅಂತ ಹೆದರಿ ನೀರು ಸುರಿಯಬಾರದು. ಬಣ್ಣವನ್ನು ಹಿಡಿದಿಡುವ ಅಂಟು ತೆಳ್ಳಗಾಗಿ, ಒಣಗಿದ ಮೇಲೆ ಪುಡಿಪುಡಿ ಮೈ ಬರುತ್ತದೆ. ಬಣ್ಣದ ಅರ್ಧಕ್ಕಿಂತ ಹೆಚ್ಚು ನೀರು ಬೇಡ. ಇನ್ನೊಂದು: ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಹಸಿಯಿದ್ದಾಗ ಅಂಟು ಹಾಲಿನಂತೆ ಬೆಳ್ಳಗಿದ್ದು, ಒಣಗಿದ ಮೇಲೆ ಪಾರದರ್ಶಕವಾಗುವುದು ಇದಕ್ಕೆ ಕಾರಣ. ಆಕಾಶವನ್ನು ಬೇಕಾದ್ದಕ್ಕಿಂತ ತುಸು ತಿಳಿಯಾಗಿಯೇ ಕಲಸಿ.

ಕ್ಯಾನ್ವಾಸ್ ಮುಟ್ಟುವ ಮೊದಲು 2×3 ಇಂಚಿನ ಮೂರು ಪುಟ್ಟ ನಕಾಶೆ, ಅಂದರೆ ಕರಡು ಚಿತ್ರ, 6ಬಿ ಪೆನ್ಸಿಲಿನಲ್ಲಿ, ಮೂರೇ ಟೋನ್‌ನಲ್ಲಿ. ಒಂದೊಂದಕ್ಕೆ ಐದು ನಿಮಿಷ. ಗಾಢ ಭಾಗಗಳೆಲ್ಲ ಒಂದಕ್ಕೊಂದು ಕೈ ಹಿಡಿದುಕೊಂಡಿರಬೇಕು: ಕಮಾನು, ಅದರ ಪ್ರತಿಬಿಂಬ, ದಡದ ಪೊದೆ. ಗಾಢ ಬಿಡಿಬಿಡಿಯಾಗಿ ಅಲ್ಲಲ್ಲಿ ಚೆಲ್ಲಿದ್ದರೆ ಆ ನಕಾಶೆ ಬಿಟ್ಟು ಇನ್ನೊಂದು ಮಾಡಿ.

ಈಗ ಕೆಲಸ. ಬರ್ಂಟ್ ಸಿಯೆನ್ನಾ, ಓಕರ್ ಸಮಸಮ ಕಲಸಿ ತೆಳ್ಳಗೆ ಇಡೀ ಮೈಗೆ ಬಳಿದು ಬಟ್ಟೆಯಿಂದ ಒರೆಸಿ. ಈ ನೆಲಬಣ್ಣ ಆಮೇಲೆ ಸಂದುಗಳಲ್ಲಿ ಇಣುಕಿ ಚಿತ್ರಕ್ಕೆ ಬಿಸಿ ಕೊಡುತ್ತದೆ. ಒಣಗಿದ ಮೇಲೆ ತೆಳು ಅಲ್ಟ್ರಾಮರೀನಿನಲ್ಲಿ ಗೆರೆ: ರಸ್ತೆ, ನೀರು, ಕಂಬಗಳು, ಅಷ್ಟೇ.

ನಂತರ ಎಲ್ಲರೂ ಆಕಾಶಕ್ಕೆ ಕೈ ಹಾಕುತ್ತಾರೆ. ಹಾಕಬೇಡಿ. ಕಮಾನಿನ ಕತ್ತಲು ಮೊದಲು. ಅಡಿಕೆ ಗಾತ್ರದ ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಬರ್ಂಟ್ ಸಿಯೆನ್ನಾ, ಮೆಂತ್ಯದ ಕಾಳಿನಷ್ಟು ಕ್ರಿಮ್ಸನ್. ಟ್ಯೂಬಿನ ಕಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಪಕ್ಕಪಕ್ಕ ಬಳಿದು ನೋಡಿ: ಇದು ಆಳಕ್ಕೆ ಇಳಿಯುತ್ತದೆ, ಅದು ಮುಂದಕ್ಕೆ ಬಂದು ನಿಲ್ಲುತ್ತದೆ. ಆಕಾರವನ್ನು ಗೆರೆಯಿಂದ ಸುತ್ತುವರಿಯದೆ ಅಗಲ ಬ್ರಷ್ಷಿನಿಂದ ಒಂದೇ ಏಟಿಗೆ ತುಂಬಿ. ಬಿಸಿಲಿನ ಹೊತ್ತಿನಲ್ಲಿ ನೀರಿನಿಂದ ಚಿಮ್ಮಿದ ಬೆಳಕು ಕಮಾನಿನ ಹೊಟ್ಟೆಯ ಮೇಲೆ ಕುಣಿಯುತ್ತಿರುತ್ತದೆ, ಆದ್ದರಿಂದ ನೀರಿನ ಹತ್ತಿರ ಬಂದಂತೆ ಇದೇ ಮಿಶ್ರಣಕ್ಕೆ ತುಸು ಓಕರ್ ಸೇರಿಸಿ. ಕತ್ತಲು ಹಸಿಯಿರುವಾಗಲೇ ಅದನ್ನು ನೇರ ಕೆಳಗೆ ನೀರಿಗೆ ಎಳೆಯಿರಿ. ಹತ್ತು ಸೆಕೆಂಡ್ ಬಿಟ್ಟು, ಒಣ ಬ್ರಷ್ಷನ್ನು ಅಡ್ಡಡ್ಡ ಒಂದೆರಡು ಸಲ ಆಡಿಸಿ. ಲಂಬ ಎಳೆತ ಪ್ರತಿಬಿಂಬವಾಯಿತು, ಅಡ್ಡ ಎಳೆತ ನೀರಾಯಿತು. ಮೂರನೆಯ ಸಲ ಆಡಿಸಿದಿರೋ, ಕೆಸರು.

ಆಮೇಲೆ ಆಕಾಶವೂ ದೂರದ ನೀರೂ ಒಂದೇ ಕಲಸಿನಿಂದ, ಒಂದೇ ಹೊತ್ತಿಗೆ. ಮಳೆಗಾಲದ ಬೂದಿಗೆ ಐದು ಪಾಲು ಬಿಳಿ, ಅರ್ಧ ಪಾಲು ಅಲ್ಟ್ರಾಮರೀನ್, ಕಾಲು ಪಾಲು ಸಿಯೆನ್ನಾ. ನೀರಿಗೆ ಬಳಿಯುವಾಗ ಸ್ವಲ್ಪ ಗಾಢ. ಹತ್ತಿರದ ನೀರಿಗೆ ಓಕರ್ ಮತ್ತು ಸಿಯೆನ್ನಾ, ಬಿಳಿ ಕಡಿಮೆ.

ಕಲ್ಲು ಕೊನೆಕೊನೆಗೆ. ದಖ್ಖನ್ನಿನ ಕಪ್ಪುಕಲ್ಲು ಬಿಸಿಲಲ್ಲಿ ಬೆಚ್ಚನೆಯ ಬೂದಿ, ನೆರಳಲ್ಲಿ ನೀಲಿ ಬೂದಿ. ಎರಡು ಬೂದಿಯನ್ನೂ ಪೂರ್ತಿ ಕಲಸದೆ ನೈಫಿನ ತುದಿಗೆ ಒಟ್ಟಿಗೆ ತೆಗೆದುಕೊಂಡು, ಚಪಾತಿಗೆ ತುಪ್ಪ ಸವರಿದ ಹಾಗೆ ಹಗುರವಾಗಿ ಎಳೆಯಿರಿ. ಎಳೆತದಲ್ಲಿ ಮುರಿದ ಜಾಗಗಳೇ ಕಲ್ಲಿನ ಸಂದುಗಳಾಗುತ್ತವೆ. ಕಲ್ಲಿನ ಸಾಲು ತೋರಿಸಲೇಬೇಕಾದರೆ ಹತ್ತಿರದ ಒಂದು ಕಮಾನಿನ ಸುತ್ತ ಆರೇಳು ಕಲ್ಲು ಸಾಕು. ದಪ್ಪ ಬಣ್ಣದ ಮೇಲೆ ಹೇರ್ ಡ್ರೈಯರ್ ಹಿಡಿಯಬೇಡಿ. ಮೇಲ್ಪದರ ಬೇಗ ಬಿಗಿದು ಕೆಳಗಿನದು ಹಸಿ ಉಳಿದು ಮೈ ಬಿರಿಯುತ್ತದೆ. ಕೊನೆಗೆ ನೀರಿನ ಮೇಲೆ ಎರಡೋ ಮೂರೋ ಬೆಳಕಿನ ಸೀಳು, ರಿಗ್ಗರ್ ಬ್ರಷ್ಷಿನಿಂದ, ಬಿಳಿಗೆ ಚೂರು ಲೆಮನ್ ಯೆಲ್ಲೊ ಸೇರಿಸಿ. ಹತ್ತು ಹಾಕಿದರೆ ಹಬ್ಬದ ಸೀರಿಯಲ್ ಲೈಟು.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದೆ.

ಫೋಟೊ ನೋಡಿ ಬರೆಯಬಹುದೇ? ಬರೆಯಬಹುದು, ಆದರೆ ಫೋನಿನ ಮಾತು ನಂಬಬೇಡಿ. ಅಗಲ ಲೆನ್ಸು ಹತ್ತಿರದ್ದನ್ನು ಹಿಗ್ಗಿಸಿ ಸೇತುವೆಯನ್ನು ದೂರ ತಳ್ಳುತ್ತದೆ. ಆಕಾಶಕ್ಕೆ ಹೊಂದಿಸಿಕೊಂಡರೆ ಕಮಾನಿನ ಒಳಗನ್ನು ಬರೀ ಕಪ್ಪು ಮಾಡುತ್ತದೆ. ಎರಡು ಫೋಟೊ ತೆಗೆಯಿರಿ: ಪರದೆಯ ಮೇಲೆ ಆಕಾಶ ಮುಟ್ಟಿ ಒಂದು, ಕಮಾನಿನ ಒಳಗೆ ಮುಟ್ಟಿ ಇನ್ನೊಂದು. ಎರಡನೆಯದರಲ್ಲಿ ಕತ್ತಲೊಳಗಿನ ಬಣ್ಣ ಕಾಣುತ್ತದೆ.

ನೀರಿನ ತುಂಬ ಜಲಪರ್ಣಿ (ನೀರ ಮೇಲೆ ತೇಲುವ ಕಳೆ) ಬೆಳೆದು ಪ್ರತಿಬಿಂಬವೇ ಇಲ್ಲದಿದ್ದರೆ? ಬೇಸಿಗೆಯಲ್ಲಿ ಇದು ನಿಜವಾದ ತೊಂದರೆ. ಇಡೀ ನದಿ ಹುಲ್ಲುಗಾವಲಿನ ಹಾಗೆ ಕಾಣುತ್ತದೆ. ಆ ಕಡು ಹಸಿರಿಗೆ ಲೆಮನ್ ಯೆಲ್ಲೊದಲ್ಲಿ ಸಾಸಿವೆಯಷ್ಟು ಥ್ಯಾಲೊ ಬ್ಲೂ ಸಾಕು, ಅದು ಬಲು ಜೋರಿನ ಬಣ್ಣ. ಜೊತೆಗೆ ಚೂರು ಕ್ರಿಮ್ಸನ್ ಸೇರಿಸಿ ಅಬ್ಬರ ತಗ್ಗಿಸಿ. ಹಸಿರಿನ ನಡುವೆ ಕಾಲುವೆಯ ಹಾಗೆ ಬಿಟ್ಟುಕೊಂಡ ನೀರಿನ ದಾರಿ ಎಲ್ಲಾದರೂ ಇರುತ್ತದೆ. ಅದನ್ನು ಕಮಾನಿನ ಕಡೆಗೆ ತಿರುಗಿಸಿ, ಇಡೀ ಪ್ರತಿಬಿಂಬವನ್ನು ಆ ಪಟ್ಟಿಯೊಳಗೇ ಮುಗಿಸಿ.

ಕಮಾನೇ ಇಲ್ಲದ ಭಿಡೆ ಪೂಲ್‌ನಂಥ ಸೇತುವೆಗೆ ಏನು ಮಾಡುವುದು? ಅದಕ್ಕೆ ಕ್ಯಾನ್ವಾಸನ್ನೇ ಬದಲಿಸಿ: 12×36 ಇಂಚು, ಉದ್ದುದ್ದ. ನೀರು ಏರಿ ಸೇತುವೆ ಮುಳುಗುವ ಹೊತ್ತಾದರೆ ರಸ್ತೆಯ ಗೆರೆಯನ್ನು ಪೂರ್ತಿ ಎಳೆಯಬೇಡಿ. ನಾಲ್ಕು ಕಡೆ ಮುರಿಯಿರಿ. ನೀರು ಮೇಲೆ ಹತ್ತಿ ಇಳಿಯುವ ಕಡೆ ನೈಫಿನಿಂದ ಬಿಳಿ-ಓಕರ್ ದಪ್ಪವಾಗಿ, ಸೇತುವೆಗೆ ಅಡ್ಡಲಾಗಿ, ಹರಿವಿನ ದಿಕ್ಕಿಗೆ ಎಳೆಯಿರಿ. ಆದರೆ ಆ ಹೊತ್ತಿನಲ್ಲಿ ನದಿಪಾತ್ರದ ರಸ್ತೆಗೆ ಇಳಿಯಬೇಡಿ. ಮೇಲೆ ಲಕಡಿ ಪೂಲ್‌ನ ಪಾದಚಾರಿ ದಾರಿಯಲ್ಲಿ ನಿಂತು ನಕಾಶೆ ಮಾಡಿಕೊಂಡು ಬನ್ನಿ, ಬಣ್ಣ ಮನೆಯಲ್ಲಿ ಹಚ್ಚಿ.